ಮದ್ಯೇತರ ಕೊಬ್ಬಿನ ಯಕೃತ್ತು ರೋಗ: ತೀವ್ರತೆಯ ನಿರ್ಣಯ

ಮದ್ಯೇತರ ಕೊಬ್ಬಿನ ಯಕೃತ್ತು ರೋಗದ ತೀವ್ರತೆಯ ನಿರ್ಣಯವೆಂದರೆ, ಮದ್ಯಪಾನ ಮುಖ್ಯ ಕಾರಣವಲ್ಲದ ಕೊಬ್ಬುಗಟ್ಟಿದ ಯಕೃತ್ತಿನಲ್ಲಿ ಕೊಬ್ಬಿನ ಪ್ರಮಾಣ, ಉರಿಯೂತ ಮತ್ತು ನಾರುಗಟ್ಟುವಿಕೆಗಳನ್ನು ಬೇರೆಬೇರೆಯಾಗಿ ಅಳೆದು, ರೋಗಿಗೆ ಮುಂದೆ ಒದಗಬಹುದಾದ ಅಪಾಯವನ್ನು ಅಂದಾಜು ಮಾಡುವ ವೈದ್ಯಕೀಯ ಕ್ರಮ. ಜನರ ಮಾತಿನಲ್ಲಿ ಈ ರೋಗಕ್ಕೆ ‘ಫ್ಯಾಟಿ ಲಿವರ್’ ಎಂದೇ ಹೆಸರು. ಯಕೃತ್ತಿನ ಕೋಶಗಳಲ್ಲಿ ಶೇ. 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಕಂಡರೆ ರೋಗ ಇದೆಯೆನ್ನುತ್ತಾರೆ. ಆದರೆ ಆಯಸ್ಸನ್ನು ನಿರ್ಧರಿಸುವುದು ಕೊಬ್ಬಲ್ಲ, ನಾರುಗಟ್ಟುವಿಕೆ. ಈ ಲೇಖನದಲ್ಲಿ ‘ದರ್ಜೆ’ ಎಂಬುದು ಕೊಬ್ಬು ಮತ್ತು ಉರಿಯೂತದ ಪ್ರಮಾಣವನ್ನೂ ‘ಹಂತ’ ಎಂಬುದು ನಾರುಗಟ್ಟುವಿಕೆಯ ಮಟ್ಟವನ್ನೂ ಸೂಚಿಸುತ್ತದೆ.

ಹೆಸರು ಮತ್ತು ಎಲ್ಲೆ

ಅಮೆರಿಕದ ಮೇಯೊ ಕ್ಲಿನಿಕ್‌ನ ರೋಗಶಾಸ್ತ್ರಜ್ಞ ಯುರ್ಗನ್ ಲುಡ್ವಿಗ್ ಮತ್ತು ಸಂಗಡಿಗರು 1980ರಲ್ಲಿ 20 ರೋಗಿಗಳ ವಿವರ ಪ್ರಕಟಿಸಿದರು. ಮದ್ಯದಿಂದ ಕೆಟ್ಟ ಯಕೃತ್ತಿನಂತೆಯೇ ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದರೂ ಆ ರೋಗಿಗಳು ಕುಡಿತದವರಾಗಿರಲಿಲ್ಲ. ಅವರಿಟ್ಟ ಹೆಸರಿನ ಸಂಕ್ಷೇಪವೇ ‘ನ್ಯಾಶ್’: ಕೊಬ್ಬಿನ ಜೊತೆ ಉರಿಯೂತ ಮತ್ತು ಕೋಶಹಾನಿಯೂ ಇರುವ ರೂಪ. ಕೊಬ್ಬು ಮಾತ್ರ ಇರುವ ಸೌಮ್ಯ ರೂಪದಿಂದ ಸಿರೋಸಿಸ್‌ವರೆಗಿನ ಇಡೀ ವ್ಯಾಪ್ತಿಗೆ ‘ನ್ಯಾಫ್ಲ್ಡ್’ ಎಂಬ ಹೆಸರು ಬಂತು. 2023ರಲ್ಲಿ ಅಂತರರಾಷ್ಟ್ರೀಯ ಯಕೃತ್ತು ತಜ್ಞರ ಸಂಘಗಳು ಒಟ್ಟಾಗಿ ಈ ಹೆಸರನ್ನು ‘ಮ್ಯಾಸ್ಲ್ಡ್’ ಎಂದು ಬದಲಿಸಿದವು. ನ್ಯಾಶ್ ‘ಮ್ಯಾಶ್’ ಆಯಿತು. ಹೊಸ ವ್ಯಾಖ್ಯೆಯ ಪ್ರಕಾರ ಯಕೃತ್ತಿನ ಕೊಬ್ಬಿನ ಜೊತೆಗೆ ಹೆಚ್ಚಿದ ತೂಕ ಅಥವಾ ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ರಕ್ತದೊತ್ತಡ, ಟ್ರೈಗ್ಲಿಸರೈಡ್, ಕಡಿಮೆ ಎಚ್‌ಡಿಎಲ್ – ಈ ಐದರಲ್ಲಿ ಒಂದಾದರೂ ಇರಬೇಕು. ಭಾರತೀಯರಿಗೆ ಸೊಂಟದ ಮಿತಿ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಇಲ್ಲಿನ ಆಸ್ಪತ್ರೆ ಕಡತಗಳಲ್ಲಿ ಹಳೆಯ ಹೆಸರೇ ಇನ್ನೂ ಹೆಚ್ಚು ಬಳಕೆಯಲ್ಲಿದೆ.

‘ಮದ್ಯೇತರ’ ಎಂದು ಬರೆಯುವ ಮುನ್ನ ಕುಡಿತದ ಲೆಕ್ಕ ಆಗಬೇಕು. ಹಳೆಯ ವ್ಯಾಖ್ಯೆಯಲ್ಲಿ ದಿನಕ್ಕೆ ಗಂಡಸರಿಗೆ 30 ಗ್ರಾಂ, ಹೆಂಗಸರಿಗೆ 20 ಗ್ರಾಂ ಶುದ್ಧ ಆಲ್ಕೋಹಾಲ್ ಎಲ್ಲೆ. ಹೊಸ ವ್ಯಾಖ್ಯೆಯಲ್ಲಿ ಇದೇ ಎಲ್ಲೆಯನ್ನು ವಾರಕ್ಕೆ 210 ಮತ್ತು 140 ಗ್ರಾಂ ಎಂದು ಹೇಳಲಾಗಿದೆ. ಶೇ. 42.8 ಸಾರದ ವಿಸ್ಕಿ ಅಥವಾ ರಮ್ಮಿನ 90 ಮಿ.ಲೀ. ಪೊಟ್ಟಣದಲ್ಲಿ ಸುಮಾರು 30 ಗ್ರಾಂ, 180 ಮಿ.ಲೀ. ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ಅಂದರೆ ದಿನಕ್ಕೊಂದು ‘ತೊಂಬತ್ತು’ ಹಾಕುವ ಗಂಡಸು ಎಲ್ಲೆಯ ಮೇಲೇ ನಿಂತಿರುತ್ತಾನೆ. ದಿನಕ್ಕೊಂದು ಕ್ವಾರ್ಟರ್ ಕುಡಿಯುವವನ ಕಾಯಿಲೆಯನ್ನು ಮದ್ಯೇತರ ಎನ್ನಲಾಗದು. ಸಕ್ಕರೆ ಕಾಯಿಲೆಯೂ ಕುಡಿತವೂ ಒಟ್ಟಿಗಿರುವವರಿಗೆ ಹೊಸ ವರ್ಗೀಕರಣದಲ್ಲಿ ಪ್ರತ್ಯೇಕ ಗುಂಪಿದೆ. “ಅಪರೂಪಕ್ಕೆ ತಗೋತೀನಿ” ಎಂಬ ಉತ್ತರವನ್ನು ಮಿಲಿಲೀಟರಿಗೆ ಇಳಿಸದೆ ಬರೆದ ರೋಗನಿರ್ಣಯಕ್ಕೆ ಬೆಲೆ ಕಡಿಮೆ.

ರೋಗ ಬೆಳೆಯುವ ಬಗೆ

ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿದ್ದಾಗ ಕೊಬ್ಬಿನ ಅಂಗಾಂಶದಿಂದ ಬಿಡುಗಡೆಯಾದ ಕೊಬ್ಬಿನಾಮ್ಲಗಳು ಯಕೃತ್ತಿಗೆ ಹರಿದುಬರುತ್ತವೆ. ಸಕ್ಕರೆ ಮತ್ತು ಪಿಷ್ಟದಿಂದ ಯಕೃತ್ತು ತಾನೇ ಹೊಸ ಕೊಬ್ಬನ್ನೂ ತಯಾರಿಸುತ್ತದೆ. ಬಹುಪಾಲು ಜನರಲ್ಲಿ ಕಾಯಿಲೆ ಇಷ್ಟಕ್ಕೇ ನಿಲ್ಲುತ್ತದೆ. ಕೆಲವರಲ್ಲಿ ಕೋಶಗಳು ಊದಿಕೊಂಡು ಸಾಯುತ್ತವೆ, ಸುತ್ತ ಉರಿಯೂತ ಏಳುತ್ತದೆ, ಗಾಯ ಮಾಯುವ ಪ್ರಯತ್ನದಲ್ಲಿ ನಾರಿನ ಎಳೆಗಳು ಬೆಳೆಯುತ್ತವೆ. ಎಳೆಗಳು ಒಂದನ್ನೊಂದು ಕೂಡಿಕೊಂಡು ಯಕೃತ್ತನ್ನು ಗಂಟುಗಂಟಾಗಿ ಒಡೆದಾಗ ಅದು ಸಿರೋಸಿಸ್.

ಈ ನಡೆ ನಿಧಾನ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ನಾರುಗಟ್ಟುವಿಕೆ ಒಂದು ಹಂತ ಮುಂದೆ ಹೋಗಲು ಬರಿಯ ಕೊಬ್ಬಿನ ರೂಪದಲ್ಲಿ ಸರಾಸರಿ 14 ವರ್ಷ, ನ್ಯಾಶ್‌ನಲ್ಲಿ 7 ವರ್ಷ ಹಿಡಿಯುತ್ತದೆಂದು ಕಂಡುಬಂತು. ಎರಡನೆಯ ಬಗೆಯ ಮಧುಮೇಹ, ಪಿಎನ್‌ಪಿಎಲ್‌ಎ3 ಜೀನಿನ ಒಂದು ಮಾರ್ಪಾಡು ಮತ್ತು ಕುಡಿತ ಈ ವೇಗವನ್ನು ಹೆಚ್ಚಿಸುತ್ತವೆ. ಸಿರೋಸಿಸ್ ಬಲಿಯುವವರೆಗೂ ರೋಗಿಗೆ ಸಾಮಾನ್ಯವಾಗಿ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಅಳೆಯದೆ ತಿಳಿಯುವ ದಾರಿಯಿಲ್ಲದ ಕಾಯಿಲೆ ಇದು.

ಅಂಗಾಂಶ ಪರೀಕ್ಷೆ

ತೀವ್ರತೆಯ ಎಲ್ಲ ಅಳತೆಗಳಿಗೂ ಮೂಲಮಾನ ಯಕೃತ್ತಿನ ಬಯಾಪ್ಸಿ. ಪಕ್ಕೆಲುಬುಗಳ ನಡುವೆ ಸೂಜಿ ಹಾಯಿಸಿ ಸುಮಾರು 2 ಸೆಂ.ಮೀ. ಉದ್ದದ ಎಳೆಯಷ್ಟು ಅಂಗಾಂಶ ತೆಗೆಯುತ್ತಾರೆ. ಎಲಿಜಬೆತ್ ಬ್ರಂಟ್ 1999ರಲ್ಲಿ ದರ್ಜೆ ಮತ್ತು ಹಂತಗಳನ್ನು ಬೇರ್ಪಡಿಸುವ ಪದ್ಧತಿ ರೂಪಿಸಿದರು. ಅದನ್ನು ವಿಸ್ತರಿಸಿ ಡೇವಿಡ್ ಕ್ಲೈನರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಂಕಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಇದರಲ್ಲಿ ಕೊಬ್ಬಿಗೆ 0ರಿಂದ 3, ಉರಿಯೂತಕ್ಕೆ 0ರಿಂದ 3, ಊದಿದ ಕೋಶಗಳಿಗೆ 0ರಿಂದ 2 ಅಂಕ, ಒಟ್ಟು 8. ಕೊಬ್ಬು ಶೇ. 5ಕ್ಕಿಂತ ಕಡಿಮೆಯಿದ್ದರೆ ಸೊನ್ನೆ, ಶೇ. 33ರವರೆಗೆ 1, ಶೇ. 66ರವರೆಗೆ 2, ಅದನ್ನು ಮೀರಿದರೆ 3. ಮೊತ್ತ 5 ಅಥವಾ ಹೆಚ್ಚಿದ್ದರೆ ನ್ಯಾಶ್ ಇರುವ ಸಾಧ್ಯತೆ ಹೆಚ್ಚು. ಆದರೆ ಈ ಮೊತ್ತ ಇರುವುದು ಔಷಧ ಪ್ರಯೋಗಗಳಲ್ಲಿ ಬದಲಾವಣೆ ಅಳೆಯಲಿಕ್ಕೆ. ರೋಗನಿರ್ಣಯಕ್ಕೆ ಅದನ್ನು ಬದಲಿಯಾಗಿ ಬಳಸಬಾರದು.

ನಾರುಗಟ್ಟುವಿಕೆಯ ಹಂತವನ್ನು ಈ ಮೊತ್ತಕ್ಕೆ ಸೇರಿಸದೆ ಎಫ್0ರಿಂದ ಎಫ್4ರವರೆಗೆ ಬೇರೆಯಾಗಿ ಬರೆಯುತ್ತಾರೆ. ಎಫ್1ರಲ್ಲಿ ನಾರು ಮಧ್ಯಸಿರೆಯ ಬಳಿಯ ಕೋಶಗಳ ಸುತ್ತಲೋ ಪೋರ್ಟಲ್ ಪ್ರದೇಶದ ಸುತ್ತಲೋ ಒಂದೇ ಕಡೆ ಇರುತ್ತದೆ. ಎಫ್2ರಲ್ಲಿ ಎರಡೂ ಕಡೆ. ಎಫ್3ರಲ್ಲಿ ಒಂದರಿಂದ ಇನ್ನೊಂದಕ್ಕೆ ನಾರಿನ ಸೇತುವೆ ಕಟ್ಟಿರುತ್ತದೆ. ಎಫ್4 ಎಂದರೆ ಸಿರೋಸಿಸ್. ಎಫ್2 ಮತ್ತು ಮೇಲಿನದನ್ನು ಗಣನೀಯ ನಾರುಗಟ್ಟುವಿಕೆ, ಎಫ್3 ಮತ್ತು ಮೇಲಿನದನ್ನು ಮುಂದುವರಿದ ನಾರುಗಟ್ಟುವಿಕೆ ಎನ್ನುತ್ತಾರೆ. ರೋಗಿಗಳನ್ನು ದಶಕಗಳ ಕಾಲ ಹಿಂಬಾಲಿಸಿ 2015ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಪಾಲ್ ಅಂಗುಲೊ ಮತ್ತು ಸ್ವೀಡನ್ನಿನ ಮಟಿಯಸ್ ಏಕ್‌ಸ್ಟೆಡ್ ಅವರ ತಂಡಗಳವು, ಸಾವನ್ನೂ ಯಕೃತ್ತಿನ ತೊಡಕುಗಳನ್ನೂ ಮುನ್ಸೂಚಿಸುವುದು ಈ ಹಂತವೇ ಹೊರತು ಮೇಲಿನ ಅಂಕಗಳ ಮೊತ್ತವಲ್ಲ ಎಂದು ತೋರಿಸಿದವು.

ಬಯಾಪ್ಸಿಯ ಮಿತಿ ಮುಖ್ಯವಾಗಿ ಗಾತ್ರದ್ದು. ಸೂಜಿಗೆ ಸಿಗುವುದು ಇಡೀ ಯಕೃತ್ತಿನ ಸುಮಾರು ಐವತ್ತು ಸಾವಿರದಲ್ಲಿ ಒಂದು ಭಾಗ. ಒಬ್ಬನೇ ರೋಗಿಯಿಂದ ಒಂದೇ ಸಲ ತೆಗೆದ ಎರಡು ತುಣುಕುಗಳಲ್ಲಿ ಒಂದು ಹಂತದಷ್ಟು ವ್ಯತ್ಯಾಸ ಬರುವುದು ಅಪರೂಪವಲ್ಲ. ನೋವು ಸಾಮಾನ್ಯ, ರಕ್ತಸ್ರಾವ ವಿರಳ, ಸಾವು ಅತಿ ವಿರಳ. ಕೋಟಿಗಟ್ಟಲೆ ಜನರಿಗಿರುವ ಕಾಯಿಲೆಯನ್ನು ಸೂಜಿಯಿಂದ ಅಳೆಯಲಾಗದು ಎಂಬುದರಿಂದಲೇ ಮುಂದಿನ ವಿಧಾನಗಳು ಹುಟ್ಟಿದವು.

ಅಲ್ಟ್ರಾಸೌಂಡ್ ಸ್ಕ್ಯಾನ್

ಬಹಳ ಜನರಿಗೆ ರೋಗದ ಸುಳಿವು ಸಿಗುವುದು ಹೊಟ್ಟೆನೋವಿಗೋ ಮೂತ್ರಕೋಶದ ಕಲ್ಲಿಗೋ ಮಾಡಿಸಿದ ಸ್ಕ್ಯಾನಿಂಗಿನಲ್ಲಿ. ಕೊಬ್ಬು ತುಂಬಿದ ಯಕೃತ್ತು ಪಕ್ಕದ ಮೂತ್ರಪಿಂಡಕ್ಕಿಂತ ಬೆಳ್ಳಗೆ ಕಾಣುತ್ತದೆ. ಬಿಳುಪು ಹೆಚ್ಚಿದ್ದೂ ಒಳಗಿನ ರಕ್ತನಾಳಗಳ ಅಂಚು ಸ್ಪಷ್ಟವಾಗಿದ್ದರೆ ಗ್ರೇಡ್ 1. ಪೋರ್ಟಲ್ ನಾಳದ ಅಂಚು ಮಸುಕಾದರೆ ಗ್ರೇಡ್ 2. ವಪೆಯೂ ಕಾಣದಷ್ಟು ಮಸುಕಾದರೆ ಗ್ರೇಡ್ 3. ಇದು ನೋಡುವವರ ಕಣ್ಣಿನ ತೀರ್ಮಾನ, ಕೊಬ್ಬು ಶೇ. 20ಕ್ಕಿಂತ ಕಡಿಮೆಯಿದ್ದರೆ ತಪ್ಪಿಹೋಗುವುದೂ ಉಂಟು.

ಸ್ಕ್ಯಾನಿಂಗ್ ವರದಿಯ ಗ್ರೇಡ್ ಕೊಬ್ಬಿನ ದರ್ಜೆ ಮಾತ್ರ. ನಾರುಗಟ್ಟುವಿಕೆಯ ಹಂತಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಗ್ರೇಡ್ 3 ಬಂದವರಲ್ಲಿ ನಾರು ಲವಲೇಶವೂ ಇಲ್ಲದಿರಬಹುದು. ಗ್ರೇಡ್ 1 ಬಂದ ಮಧುಮೇಹಿಯಲ್ಲಿ ಎಫ್3 ಇರಬಹುದು. ಸಿರೋಸಿಸ್ ಬಲಿತಂತೆ ಯಕೃತ್ತಿನ ಕೊಬ್ಬು ಕರಗಿಹೋಗುವ ಸಂದರ್ಭಗಳೂ ಇವೆ. ಆಗ ಮುಂಚಿನ ‘ಗ್ರೇಡ್ 2’ ಈಗ ‘ಗ್ರೇಡ್ 1’ ಆಗಿ, ಕಾಯಿಲೆ ಕೆಟ್ಟಿದ್ದನ್ನು ವಾಸಿಯಾದಂತೆ ತೋರಿಸುತ್ತದೆ. ಈ ರೋಗದ ವಿಷಯದಲ್ಲಿ ರೋಗಿಗಳೂ ಎಷ್ಟೋ ವೇಳೆ ವೈದ್ಯರೂ ಮಾಡುವ ದೊಡ್ಡ ತಪ್ಪೆಣಿಕೆ ಈ ಗ್ರೇಡನ್ನು ತೀವ್ರತೆಯೆಂದು ಓದುವುದು. ರಕ್ತ ಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವವಾದ ಎಸ್‌ಜಿಪಿಟಿ ಸಹಜ ಮಟ್ಟದಲ್ಲಿದೆ ಎಂದು ನಿಶ್ಚಿಂತರಾಗುವುದೂ ಇದೇ ಜಾತಿಯ ತಪ್ಪು. ಮುಂದುವರಿದ ನಾರುಗಟ್ಟುವಿಕೆ ಇರುವವರಲ್ಲೂ ಅದು ಸಹಜವಾಗಿರಬಹುದು.

ರಕ್ತ ಪರೀಕ್ಷೆಯ ಸೂತ್ರಗಳು

ಸರಳವೂ ಅಗ್ಗವೂ ಆದ ಸೂತ್ರ ಫಿಬ್-4. ಇದನ್ನು 2006ರಲ್ಲಿ ರಿಚರ್ಡ್ ಸ್ಟರ್ಲಿಂಗ್ ಮತ್ತು ಸಂಗಡಿಗರು ರೂಪಿಸಿದ್ದು ಎಚ್‌ಐವಿ ಜೊತೆಗೆ ಹೆಪಟೈಟಿಸ್ ಸಿ ಇದ್ದವರಿಗಾಗಿ. ಕೊಬ್ಬಿನ ಯಕೃತ್ತಿಗೆ ಅದು ಆಮೇಲೆ ಒಗ್ಗಿತು. ವಯಸ್ಸನ್ನು, ಯಕೃತ್ತಿನ ಇನ್ನೊಂದು ಕಿಣ್ವವಾದ ಎಸ್‌ಜಿಓಟಿಯ ಅಂಕಿಯಿಂದ ಗುಣಿಸಬೇಕು. ಬಂದದ್ದನ್ನು, ಪ್ಲೇಟ್‌ಲೆಟ್ ಸಂಖ್ಯೆಯನ್ನು (ಸಾವಿರಗಳಲ್ಲಿ) ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿದ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ 1.3ಕ್ಕಿಂತ ಕಡಿಮೆಯಾದರೆ ಮುಂದುವರಿದ ನಾರುಗಟ್ಟುವಿಕೆ ಇರುವ ಸಂಭವ ಕಡಿಮೆ, 2.67 ಮೀರಿದರೆ ಹೆಚ್ಚು. ನಡುವೆ ಬಂದರೆ ಎರಡನೆಯ ಪರೀಕ್ಷೆ ಬೇಕು.

ಸೂತ್ರದ ಹಿಂದಿನ ಕಾರಣ ಹೀಗಿದೆ. ನಾರು ಹೆಚ್ಚಿದಂತೆ ಯಕೃತ್ತಿನೊಳಗೆ ರಕ್ತ ಹರಿಯುವುದು ಕಷ್ಟವಾಗಿ ಪೋರ್ಟಲ್ ನಾಳದ ಒತ್ತಡ ಏರುತ್ತದೆ, ಗುಲ್ಮ ಊದುತ್ತದೆ, ಊದಿದ ಗುಲ್ಮ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆರಂಭದಲ್ಲಿ ಎಸ್‌ಜಿಪಿಟಿ ಮೇಲಿರುತ್ತದೆ. ರೋಗ ಬಲಿತಂತೆ ಎಸ್‌ಜಿಓಟಿ ಅದನ್ನು ಹಿಂದೆ ಹಾಕುತ್ತದೆ.

ಉದಾಹರಣೆಗೆ 52 ವರ್ಷದವರಲ್ಲಿ ಎಸ್‌ಜಿಓಟಿ 48, ಎಸ್‌ಜಿಪಿಟಿ 60, ಪ್ಲೇಟ್‌ಲೆಟ್ 2.1 ಲಕ್ಷ ಇದ್ದರೆ ಫಿಬ್-4 ಸುಮಾರು 1.53, ನಡುವಿನ ವಲಯ. ಇದೇ ಅಂಕಿಗಳು 36 ವರ್ಷದವರಲ್ಲಿ 1.06, 68 ವರ್ಷದವರಲ್ಲಿ 2.0 ಕೊಡುತ್ತವೆ. ವಯಸ್ಸಿನ ಈ ಎಳೆತದಿಂದಾಗಿ 65 ದಾಟಿದವರಿಗೆ ಕೆಳಮಿತಿಯನ್ನು 2.0ಕ್ಕೆ ಏರಿಸಲಾಗಿದೆ, 35ಕ್ಕಿಂತ ಕಿರಿಯರಲ್ಲಿ ಸೂತ್ರವನ್ನು ನೆಚ್ಚುವಂತಿಲ್ಲ. ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದು ಎಸ್‌ಜಿಓಟಿ ಏರುವುದರಿಂದ ಆ ವಾರದ ರಕ್ತದಲ್ಲಿ ಲೆಕ್ಕ ಹಾಕಿದರೆ ಇಲ್ಲದ ಸಿರೋಸಿಸ್ ಕಾಣುತ್ತದೆ. ಕ್ಷಯದ ಮಾತ್ರೆ ನುಂಗುತ್ತಿರುವವರಲ್ಲೂ ಕಿಣ್ವಗಳು ಏರಬಹುದು. ಕಾಯಿಲೆ ಇಳಿದು ಕೆಲವು ವಾರ ಕಳೆದ ಮೇಲಿನ ಅಂಕಿಗಳೇ ಲೆಕ್ಕಕ್ಕೆ ತಕ್ಕವು.

ಅಂಗುಲೊ ಅವರ ತಂಡ 2007ರಲ್ಲಿ ಕೊಟ್ಟ ‘ನ್ಯಾಫ್ಲ್ಡ್ ಫೈಬ್ರೋಸಿಸ್ ಸ್ಕೋರ್’ ಇವುಗಳ ಜೊತೆಗೆ ದೇಹ ತೂಕ ಸೂಚ್ಯಂಕ, ಮಧುಮೇಹ ಮತ್ತು ಆಲ್ಬುಮಿನ್ ಸೇರಿಸಿಕೊಳ್ಳುತ್ತದೆ. ನಾರಿನ ರಚನೆಯಲ್ಲಿ ಪಾಲುಗೊಳ್ಳುವ ಮೂರು ವಸ್ತುಗಳನ್ನು ರಕ್ತದಲ್ಲಿ ನೇರವಾಗಿ ಅಳೆಯುವ ‘ಎಲ್ಫ್’ ಪರೀಕ್ಷೆ ಹೆಚ್ಚು ನಿಖರವಾದರೂ ಭಾರತದಲ್ಲಿ ಸುಲಭಲಭ್ಯವಲ್ಲ.

ಗಡಸುತನದ ಅಳತೆ

ನಾರು ತುಂಬಿದ ಯಕೃತ್ತು ಗಡಸಾಗುತ್ತದೆ ಎಂಬುದನ್ನು ಆಧರಿಸಿದ್ದು ಎಲಾಸ್ಟೋಗ್ರಫಿ. ಫ್ರಾನ್ಸಿನ ಎಕೋಸೆನ್ಸ್ ಕಂಪನಿಯ ‘ಫೈಬ್ರೋಸ್ಕ್ಯಾನ್’ 2003ರಿಂದ ಬಳಕೆಯಲ್ಲಿದೆ. ಬಲಗೈಯನ್ನು ತಲೆಯ ಮೇಲಿಟ್ಟು ಅಂಗಾತ ಮಲಗಿದವರ ಬಲಪಕ್ಕೆಗೆ ಸಾಧನ ಒತ್ತಿ 50 ಹರ್ಟ್ಸ್‌ನ ಸಣ್ಣ ತಟ್ಟು ಕೊಡುತ್ತಾರೆ. ಆ ಅಲೆ ಯಕೃತ್ತಿನಲ್ಲಿ ಸಾಗುವ ವೇಗವನ್ನು ಅಲ್ಟ್ರಾಸೌಂಡ್ ಅಳೆಯುತ್ತದೆ. ಗಡಸು ಹೆಚ್ಚಿದಷ್ಟೂ ವೇಗ ಹೆಚ್ಚು: ಸೆಕೆಂಡಿಗೆ 1 ಮೀಟರ್ ಎಂದರೆ 3 ಕಿಲೋಪಾಸ್ಕಲ್, 2 ಮೀಟರ್ ಎಂದರೆ 12 ಕಿಲೋಪಾಸ್ಕಲ್. ಫಲಿತಾಂಶ 8 ಕಿಲೋಪಾಸ್ಕಲಿಗಿಂತ ಕಡಿಮೆಯಿದ್ದರೆ ಮುಂದುವರಿದ ನಾರುಗಟ್ಟುವಿಕೆಯನ್ನು ಬಹುಮಟ್ಟಿಗೆ ತಳ್ಳಿಹಾಕಬಹುದು. 12 ಮೀರಿದರೆ ಅದರ ಸಂಭವ ಹೆಚ್ಚು. ಇದೇ ಯಂತ್ರ ‘ಕ್ಯಾಪ್’ ಎಂಬ ಅಂಕಿಯಿಂದ ಕೊಬ್ಬನ್ನೂ ಅಳೆಯುತ್ತದೆ. ಅದು ಮೀಟರಿಗೆ 275 ಡೆಸಿಬೆಲ್ ಮೀರಿದರೆ ಕೊಬ್ಬಿದೆ ಎಂದು ಅರ್ಥ. ಇಲ್ಲಿಯೂ ಗಮನಿಸಬೇಕಾದದ್ದು ಕಿಲೋಪಾಸ್ಕಲನ್ನೇ.

ಪರೀಕ್ಷೆಗೆ ಮುಂಚೆ ಕನಿಷ್ಠ 3 ಗಂಟೆ ಏನೂ ತಿಂದಿರಬಾರದು. ಊಟವಾದೊಡನೆ ಯಕೃತ್ತಿಗೆ ರಕ್ತ ಹೆಚ್ಚಾಗಿ ಅಂಕಿ ಏರುತ್ತದೆ. ಕಾಮಾಲೆ, ತೀವ್ರ ಹೆಪಟೈಟಿಸ್ ಮತ್ತು ಹೃದಯದ ಬಲಭಾಗ ಸೋತು ಯಕೃತ್ತಿನಲ್ಲಿ ರಕ್ತ ಕಟ್ಟಿಕೊಂಡಿರುವ ಸ್ಥಿತಿಯಲ್ಲೂ ಅಂಕಿ ಹುಸಿಯಾಗಿ ಏರುತ್ತದೆ. ಜಲೋದರವಿದ್ದರೆ ಅಳತೆಯೇ ಸಿಗುವುದಿಲ್ಲ. ತೀರ ದಪ್ಪಗಿರುವವರಿಗೆ ‘ಎಕ್ಸ್‌ಎಲ್’ ಪ್ರೋಬ್ ಬೇಕು.

ಎಂಆರ್‌ಐ ಆಧಾರಿತ ಎಲಾಸ್ಟೋಗ್ರಫಿ ಮತ್ತು ಕೊಬ್ಬಿನ ಅಳತೆ ಇವೆಲ್ಲಕ್ಕಿಂತ ನಿಖರ. ದುಬಾರಿಯಾದ್ದರಿಂದ ಬಹುತೇಕ ಸಂಶೋಧನೆಗೇ ಸೀಮಿತ.

ಸಿರೋಸಿಸ್ ನಂತರದ ಮಾಪಕಗಳು

ಎಫ್4 ತಲುಪಿದ ಮೇಲೆ ಪ್ರಶ್ನೆ ಬದಲಾಗುತ್ತದೆ: ಯಕೃತ್ತು ಇನ್ನೂ ಕೆಲಸ ನಿಭಾಯಿಸುತ್ತಿದೆಯೇ ಇಲ್ಲವೇ. ಜಲೋದರ, ರಕ್ತವಾಂತಿ, ಮಂಕು ಕವಿಯುವಿಕೆ, ಕಾಮಾಲೆ – ಇವುಗಳಲ್ಲಿ ಒಂದು ಕಾಣಿಸಿಕೊಂಡರೂ ಸಿರೋಸಿಸ್ ನಿಭಾವಣೆ ತಪ್ಪಿದೆ ಎಂದರ್ಥ. ಚೈಲ್ಡ್-ಪ್ಯೂ ಮಾಪಕ ಬಿಲಿರುಬಿನ್, ಆಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಕಾಲ, ಜಲೋದರ ಮತ್ತು ಮಂಕಿನ ಆಧಾರದ ಮೇಲೆ 5ರಿಂದ 15 ಅಂಕ ಕೊಟ್ಟು ಎ, ಬಿ, ಸಿ ಎಂದು ವಿಂಗಡಿಸುತ್ತದೆ. ಪ್ಯಾಟ್ರಿಕ್ ಕಾಮತ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ‘ಮೆಲ್ಡ್’ ಮಾಪಕ ಯಕೃತ್ತು ಕಸಿಯ ಸರದಿಯನ್ನು ನಿರ್ಧರಿಸಲು ಬಳಕೆಯಾಗುತ್ತದೆ. ಗಡಸುತನ 20 ಕಿಲೋಪಾಸ್ಕಲಿಗಿಂತ ಕಡಿಮೆಯಿದ್ದು ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಮೀರಿದ್ದರೆ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಹುಡುಕುವ ಎಂಡೋಸ್ಕೋಪಿಯನ್ನು ಮುಂದೂಡಬಹುದು. ಸಿರೋಸಿಸ್ ಇರುವವರಿಗೆ ಯಕೃತ್ತಿನ ಕ್ಯಾನ್ಸರ್ ಪತ್ತೆಗಾಗಿ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಬೇಕಾಗುತ್ತದೆ.

ಚಿಕಿತ್ಸೆಯಲ್ಲಿ ಉಪಯೋಗ

ದೇಹದ ತೂಕದಲ್ಲಿ ಶೇ. 5 ಇಳಿದರೆ ಯಕೃತ್ತಿನ ಕೊಬ್ಬು, ಶೇ. 7 ಇಳಿದರೆ ಉರಿಯೂತ, ಶೇ. 10 ಇಳಿದರೆ ನಾರುಗಟ್ಟುವಿಕೆಯೂ ಹಿಂದೆ ಸರಿಯಬಲ್ಲದು. ಇದು ಎಲ್ಲ ಹಂತದವರಿಗೂ ಅನ್ವಯಿಸುವ ಚಿಕಿತ್ಸೆ. ಔಷಧಗಳಿಗೆ ಹಂತ ಗೊತ್ತಿರಲೇಬೇಕು. ಅಮೆರಿಕದಲ್ಲಿ 2024ರಲ್ಲಿ ರೆಸ್ಮೆಟಿರಾಮ್, 2025ರಲ್ಲಿ ಸೆಮಾಗ್ಲುಟೈಡ್ ಒಪ್ಪಿಗೆ ಪಡೆದದ್ದು ಎಫ್2, ಎಫ್3 ಹಂತದ ಮ್ಯಾಶ್‌ಗೆ ಮಾತ್ರ. ಭಾರತದ ಸಾರೊಗ್ಲಿಟಜಾರ್ 2020ರಲ್ಲಿ ಸಿರೋಸಿಸ್ ಇಲ್ಲದ ನ್ಯಾಶ್‌ಗೆ ಇಲ್ಲಿನ ಔಷಧ ನಿಯಂತ್ರಕರ ಒಪ್ಪಿಗೆ ಪಡೆಯಿತು.

ಭಾರತ ಮತ್ತು ಕೋಲಾರ ಜಿಲ್ಲೆಯಲ್ಲಿ

ಭಾರತದಲ್ಲಿ ಸಪೂರ ಮೈಯವರಲ್ಲೂ ಈ ರೋಗ ಕಾಣುತ್ತದೆ. ಪಶ್ಚಿಮ ಬಂಗಾಳದ ಹಳ್ಳಿಗಾಡಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 8.7 ಜನರಲ್ಲಿ ರೋಗ ಕಂಡಿತು. ಅವರಲ್ಲಿ ಮುಕ್ಕಾಲು ಪಾಲು ಜನರ ದೇಹ ತೂಕ ಸೂಚ್ಯಂಕ 25ಕ್ಕಿಂತ ಕಡಿಮೆಯಿತ್ತು. ಆದ್ದರಿಂದ ಇಲ್ಲಿ ತಕ್ಕಡಿಗಿಂತ ಸೊಂಟ ಅಳೆಯುವ ಟೇಪು ಮುಖ್ಯ.

2021ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ರೋಗವನ್ನು ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮಕ್ಕೆ ಸೇರಿಸಿತು. 2024ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಪರಿಷ್ಕೃತವಾಯಿತು. ಆಶಾ ಕಾರ್ಯಕರ್ತೆಯರು ಸೊಂಟದ ಸುತ್ತಳತೆ ಮುಂತಾದವನ್ನು ದಾಖಲಿಸಿ ಅಪಾಯವಿರುವವರನ್ನು ಗುರುತಿಸುವುದು, ಮೇಲಿನ ಕೇಂದ್ರಗಳಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಫಿಬ್-4 ಲೆಕ್ಕ, ಬೇಕಾದವರಿಗೆ ದೊಡ್ಡ ಆಸ್ಪತ್ರೆಯಲ್ಲಿ ಎಲಾಸ್ಟೋಗ್ರಫಿ – ಇವು ಅದರ ಮೆಟ್ಟಿಲುಗಳು. ಕರ್ನಾಟಕದಲ್ಲಿ ಈ ರಾಷ್ಟ್ರೀಯ ಕಾರ್ಯಕ್ರಮ ಮೊದಲು ಬಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಮನೆಮನೆಗೆ ಹೋಗಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದವನ್ನು ತಪಾಸಿಸುವ ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ ಯೋಜನೆಯೂ 2024ರಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು ಇದೇ ಜಿಲ್ಲೆಯಲ್ಲಿ. ಆ ತಪಾಸಣೆಯಲ್ಲಿ ಸಕ್ಕರೆ ಕಾಯಿಲೆ ಪತ್ತೆಯಾದವರೇ ಫಿಬ್-4 ಲೆಕ್ಕಕ್ಕೆ ಮೊದಲ ಅರ್ಹರು.

ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ ಮತ್ತು ಗಣಿ ಲೈನುಗಳನ್ನೊಳಗೊಂಡ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಗಣಿ ಕಂಪನಿಯ ಆಸ್ಪತ್ರೆಯೂ ನಿಂತುಹೋಯಿತು. ಬಂಡೆಯ ದೂಳಿನಿಂದ ಸಿಲಿಕೋಸಿಸ್ ತಗುಲಿದ ಹಳೆಯ ಗಣಿ ಕಾರ್ಮಿಕರಲ್ಲಿ ಯಕೃತ್ತಿನ ಅಳತೆಗಳನ್ನು ಎಚ್ಚರಿಕೆಯಿಂದ ಓದಬೇಕಾಗುತ್ತದೆ. ಶ್ವಾಸಕೋಶದ ಹಳೆಯ ಕಾಯಿಲೆಯಿಂದ ಹೃದಯದ ಬಲಭಾಗ ಸೋತಿದ್ದರೆ ನಾರು ಇಲ್ಲದೆಯೂ ಕಿಲೋಪಾಸ್ಕಲ್ ಏರುತ್ತದೆ. ಸಿಲಿಕೋಸಿಸ್ ಇರುವವರಿಗೆ ಕ್ಷಯ ಅಂಟುವ ಅಪಾಯ ಹೆಚ್ಚು. ಅದರ ಮಾತ್ರೆಗಳಿಂದ ಎಸ್‌ಜಿಓಟಿ, ಎಸ್‌ಜಿಪಿಟಿ ಬದಲಾಗುತ್ತವೆ. ನಡೆದರೆ ಏದುಸಿರು ಬರುವವರಿಗೆ ತೂಕ ಇಳಿಸುವ ಭಾರವೆಲ್ಲ ಊಟದ ಮೇಲೆ ಬೀಳುತ್ತದೆ. ಮುದ್ದೆಯನ್ನು ಬಿಡಬೇಕಿಲ್ಲ, ಅದರ ಗಾತ್ರ ಇಳಿಸಿ ಕಾಳು-ಸೊಪ್ಪು ಹೆಚ್ಚಿಸಿದರೆ ಸಾಕು.

ಫಿಬ್-4ಕ್ಕೆ ಬೇಕಾದ ಮೂರು ರಕ್ತ ಪರೀಕ್ಷೆಗಳನ್ನು ಸಾಮಾನ್ಯ ಪ್ರಯೋಗಾಲಯದಲ್ಲೇ ಮಾಡಿಸಬಹುದು. ಜಿಲ್ಲಾ ಮಟ್ಟದಲ್ಲಿ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆ ಮತ್ತು ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿಗೆ ಸೇರಿದ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇವೆ. ಸರ್ಕಾರಿ ವಲಯದಲ್ಲಿ ಯಕೃತ್ತಿನ ತಜ್ಞ ಚಿಕಿತ್ಸೆಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಜಠರಕರುಳು ವಿಜ್ಞಾನ ಮತ್ತು ಅಂಗಾಂಗ ಕಸಿ ಸಂಸ್ಥೆಗೆ ಹೋಗಬೇಕು. ರಾಬರ್ಟ್‌ಸನ್‌ಪೇಟೆಯಿಂದ ಅದು ಸುಮಾರು 100 ಕಿ.ಮೀ. ಫಿಬ್-4 1.3ಕ್ಕಿಂತ ಕಡಿಮೆ ಬಂದವರು ಈ ಪ್ರಯಾಣ ಮಾಡಬೇಕಿಲ್ಲ: ಮಧುಮೇಹವಿದ್ದರೆ ಒಂದೆರಡು ವರ್ಷಕ್ಕೊಮ್ಮೆ, ಇಲ್ಲದಿದ್ದರೆ ಎರಡು ಮೂರು ವರ್ಷಕ್ಕೊಮ್ಮೆ ಊರಿನಲ್ಲೇ ಮತ್ತೆ ಲೆಕ್ಕ ಹಾಕಿಸಿದರಾಯಿತು.